ನಿಂತ ಪಿಂಚಣಿಗಾಗಿ ವಿಧಾನಸಭೆಯ ಅರ್ಜಿ ಸಮಿತಿವರೆಗೆ: ನಮ್ಮ ಒಂದು ವರ್ಷದ ಓಡಾಟ

ಯುಗಾದಿಗೆ ಎರಡು ದಿನ ಇತ್ತು. ದೊಡ್ಡಮ್ಮ ಪಾಸ್‌ಬುಕ್ ಹಿಡಿದುಕೊಂಡು ಹಳ್ಳಿಯಿಂದ ಮಂಡ್ಯಕ್ಕೆ ಬಂದಿದ್ದರು. ನಾನು ಇಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಊಟದ ಹೊತ್ತಿನಲ್ಲಿ ಅವರ ಜೊತೆ ಬ್ಯಾಂಕಿಗೆ ಹೋದೆ. ಎಂಟ್ರಿ ಹಾಕಿಸಿ ನೋಡಿದರೆ ಡಿಸೆಂಬರ್‌ನಲ್ಲಿ ಬಂದ 1,200 ರೂಪಾಯಿಯೇ ಕೊನೆ. ಜನವರಿ ಇಲ್ಲ, ಫೆಬ್ರವರಿ ಇಲ್ಲ, ಮಾರ್ಚ್ ಇಲ್ಲ. ಮೊಮ್ಮಕ್ಕಳಿಗೆ ಬಟ್ಟೆ ತರಬೇಕು ಅಂತ ಮೂರು ತಿಂಗಳಿಂದ ಮುಟ್ಟದೆ ಇಟ್ಟಿದ್ದೀನಿ ಅಂದುಕೊಂಡಿದ್ದ ದುಡ್ಡು ಅಲ್ಲಿ ಇರಲೇ ಇಲ್ಲ.

ದೊಡ್ಡಮ್ಮನಿಗೆ 72 ವರ್ಷ. ಗಂಡ ಇಲ್ಲ, ಜಮೀನೂ ಇಲ್ಲ. ಅವರಿಗೆ ಬರುತ್ತಿದ್ದದ್ದು ಸಂಧ್ಯಾ ಸುರಕ್ಷಾ. ರಾಜ್ಯ ಸರ್ಕಾರ 2007ರಲ್ಲಿ ಶುರು ಮಾಡಿದ, 65 ದಾಟಿದವರ ಪಿಂಚಣಿ. ನಮ್ಮ ಕಡೆ ಹಳ್ಳಿಯಲ್ಲಿ ಇದಕ್ಕೆ ‘ಸಂಬಳ’ ಅಂತಲೇ ಹೇಳುತ್ತಾರೆ. ‘ಈ ತಿಂಗಳ ಸಂಬಳ ಬಂತಾ?’ ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಬೇರೆಯವರಿಗೆ 1,200 ಸಣ್ಣ ಮೊತ್ತ ಅನ್ನಿಸಬಹುದು. ದೊಡ್ಡಮ್ಮನ ಬಿಪಿ ಮಾತ್ರೆ, ಎಲೆಅಡಿಕೆ, ಹಾಲು, ಮದುವೆ ಮನೆಯ ಮುಯ್ಯಿ ಎಲ್ಲ ಅದರಲ್ಲೇ ನಡೆಯುತ್ತಿತ್ತು. ಯಾರ ಮುಂದೆಯೂ ಕೈಚಾಚದೆ ಬದುಕಿದವರು ಅವರು.

ಮೊದಲು ಬ್ಯಾಂಕಿನದೇ ತಪ್ಪು ಅಂದುಕೊಂಡೆವು. ಆಧಾರ್ ಮೂಲಕ ಬರುವ ಹಣ, ಆಧಾರ್‌ಗೆ ಕೊನೆಯಲ್ಲಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಸಂಘದ ಸಾಲಕ್ಕೆ ಅಂತ ಹೊಸ ಖಾತೆ ತೆರೆದವರ ಪಿಂಚಣಿ ಗೊತ್ತಿಲ್ಲದೆ ಅಲ್ಲಿ ಹೋಗಿ ಕೂತಿರುತ್ತದೆ. ನಿಮ್ಮ ಮನೆಯಲ್ಲೂ ಹೀಗೆ ನಿಂತಿದ್ದರೆ ಮೊದಲು ಇದನ್ನೇ ನೋಡಿ. ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗಿದೆ’ ಅಂತ ಕೇಳಿದರೆ ಹೇಳುತ್ತಾರೆ. ಎಷ್ಟೋ ಜನರ ಕಷ್ಟ ಇಲ್ಲಿಗೇ ಮುಗಿಯುತ್ತದೆ. ನಮ್ಮದು ಮುಗಿಯಲಿಲ್ಲ. ಖಾತೆ ಸರಿಯಾಗಿಯೇ ಇತ್ತು.

ಆಮೇಲೆ ನಾಡಕಚೇರಿ. ಆದಾಯ ಪ್ರಮಾಣ ಪತ್ರ ಹಳೆಯದಾಗಿರಬಹುದು ಅಂದರು. ಅದಕ್ಕೆ ಐದು ವರ್ಷದ ಅವಧಿ ಇರುತ್ತದೆ, ನಮ್ಮದು ಮುಗಿಯಲು ಬಂದಿತ್ತು. ಹೊಸದು ಮಾಡಿಸಿಕೊಟ್ಟೆವು. ಮೇ ಕಳೆಯಿತು. ತಾಲ್ಲೂಕು ಕಚೇರಿಗೆ ಹೋಗಿ ಅಂದರು. ಅಲ್ಲಿ ಕೇಸ್ ವರ್ಕರ್ ರಜೆ. ಮುಂದಿನ ಸಲ ಹೋದಾಗ ಸರ್ವರ್ ಇಲ್ಲ. ಅದರ ಮುಂದಿನ ಸಲ ‘ಮೇಲಿಂದಲೇ ನಿಂತಿದೆ’ ಅಂದರು. ಮೇಲೆ ಅಂದರೆ ಎಲ್ಲಿ ಅಂತ ಯಾರೂ ಹೇಳಲಿಲ್ಲ. ಸಹಾಯವಾಣಿಗೆ ದೂರು ಕೊಟ್ಟೆ. ಇಪ್ಪತ್ತು ದಿನಕ್ಕೆ ‘ನಿಮ್ಮ ದೂರು ಇತ್ಯರ್ಥವಾಗಿದೆ’ ಅಂತ ಮೆಸೇಜು ಬಂತು. ಅವತ್ತು ದೊಡ್ಡಮ್ಮ ನನ್ನ ಪಕ್ಕದಲ್ಲೇ ಕೂತಿದ್ದರು. ಓದಿ ಹೇಳಲು ನನಗೆ ಬಾಯಿ ಬರಲಿಲ್ಲ.

ಜುಲೈನಲ್ಲಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಇದು ನಾನು ಮಾಡಿದ ಮೊದಲ ಒಳ್ಳೆಯ ಕೆಲಸ, ಏಪ್ರಿಲ್‌ನಲ್ಲೇ ಮಾಡಬೇಕಿತ್ತು. ಕರ್ನಾಟಕದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯದ ಮೇಲಿರಬೇಕು. ಸುಮ್ನೆ ಕಥೆ ಬರೆಯಬೇಡಿ. ‘ಇಂಥ ಫಲಾನುಭವಿಯ ಪಿಂಚಣಿ ಯಾವ ದಿನ, ಯಾವ ಕಾರಣಕ್ಕೆ, ಯಾರ ವರದಿಯ ಮೇಲೆ ನಿಂತಿತು, ಆ ವರದಿಯ ಪ್ರತಿ ಕೊಡಿ’ ಅಂತ ಕೇಳಿ, ಸಾಕು. ಶುಲ್ಕ 10 ರೂಪಾಯಿ. ನಾನು ಪೋಸ್ಟಲ್ ಆರ್ಡರ್ ತಂದು ನನ್ನ ಹೆಸರಿನಲ್ಲೇ ಹಾಕಿದೆ. ಬಿಪಿಎಲ್ ಕಾರ್ಡು ಇರುವವರಿಗೆ ಆ ಶುಲ್ಕವೂ ಇಲ್ಲ. ಕಾರ್ಡಿನ ಪ್ರತಿ ಇಟ್ಟು ಅವರ ಹೆಸರಿನಲ್ಲೇ ಹಾಕುವುದು ವಾಸಿ.

ಮೂವತ್ತು ದಿನದ ಒಳಗೆ ಉತ್ತರ ಬಂತು. ಒಂದು ಹಾಳೆ, ಒಂದು ಸಾಲು: ಸ್ಥಳ ಪರಿಶೀಲನೆ ವೇಳೆ ಸದರಿ ಫಲಾನುಭವಿ ವಿಳಾಸದಲ್ಲಿ ವಾಸವಿರುವುದಿಲ್ಲ.

ಆಗ ಅರ್ಥವಾಯಿತು. ಡಿಸೆಂಬರ್ ಕೊನೆಯಲ್ಲಿ ದೊಡ್ಡಮ್ಮ ಕಣ್ಣಿನ ಪೊರೆ ಆಪರೇಷನ್‌ಗೆ ಮೈಸೂರಿಗೆ ಹೋಗಿದ್ದರು. ಮಗಳ ಮನೆಯಲ್ಲಿ ಒಂದೂವರೆ ತಿಂಗಳು ಇದ್ದರು. ಹೊಗೆ, ಧೂಳು ತಾಗಬಾರದು ಅಂತ ಡಾಕ್ಟರು ಹೇಳಿದ್ದರು. ಆ ಹೊತ್ತಿಗೆ ಪರಿಶೀಲನೆಗೆ ಬಂದವರು ಬೀಗ ನೋಡಿದ್ದಾರೆ, ಬರೆದುಕೊಂಡಿದ್ದಾರೆ, ಹೋಗಿದ್ದಾರೆ.

‘ನಾನೇನು ಊರು ಬಿಟ್ಟೋಗಿದ್ನವ್ವಾ? ಕಣ್ಣು ತೋರ್ಸಕ್ಕೆ ಮಗಳ ಮನೆಗೋಗಿದ್ದೆ ಅಷ್ಟೆಯ. ಪಕ್ಕದ ಮನೇಲಿ ಒಂದು ಮಾತು ಕೇಳಿದ್ರೆ ಹೇಳ್ತಿರ್ಲಿಲ್ವಾ?’ ಅಂದರು ದೊಡ್ಡಮ್ಮ. ಆ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಬೀಗ ಹಾಕಿದ ಮನೆ ನೋಡಿ ಒಬ್ಬ ಮುದುಕಿಯ ಅನ್ನ ನಿಲ್ಲಿಸುವುದಾದರೆ, ನಿಲ್ಲಿಸುವ ಮುಂಚೆ ಒಂದು ಚೀಟಿ ಬಾಗಿಲಿಗೆ ಅಂಟಿಸಿ ಹೋಗಬಾರದಾ?

ಆಗಸ್ಟ್‌ನಲ್ಲಿ ಹೋಬಳಿಯಲ್ಲಿ ಪಿಂಚಣಿ ಅದಾಲತ್ ಆಯಿತು. ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಕೂತೆವು. ನಮ್ಮ ಸರದಿ ಬರುವುದರೊಳಗೆ ಆಚೀಚೆ ಕೂತವರ ಕಥೆ ಕೇಳಿದೆ. ಒಬ್ಬರು ಮಗನ ಜೊತೆ ಬೆಂಗಳೂರಿನಲ್ಲಿ ಎರಡು ತಿಂಗಳು ಇದ್ದು ಬಂದವರು. ಇನ್ನೊಬ್ಬರು ಕಬ್ಬಿನ ಗದ್ದೆ ಕೆಲಸಕ್ಕೆ ಹೋಗಿದ್ದಾಗ ಪರಿಶೀಲನೆ ಆಗಿಹೋಗಿದೆ. ಒಬ್ಬಾಕೆಗೆ ವಿಧವಾ ವೇತನ, ಒಬ್ಬರಿಗೆ ಅಂಗವಿಕಲ ವೇತನ. ಲೆಕ್ಕ ಹಾಕಿದರೆ ಸುತ್ತಲಿನ ಮೂರು ಹಳ್ಳಿಯಿಂದ, ದೊಡ್ಡಮ್ಮನೂ ಸೇರಿ, ಹನ್ನೆರಡು ಜನ. ಎಲ್ಲರಿಗೂ ಅದೇ ಒಂದು ಸಾಲು. ಯಾರಿಗೂ ನೋಟಿಸು ಬಂದಿಲ್ಲ. ಅದಾಲತ್‌ನಲ್ಲಿ ಅರ್ಜಿ ತೆಗೆದುಕೊಂಡರು. ಅಷ್ಟೇ ಆಯಿತು.

ಇಲ್ಲಿಂದ ದಾರಿ ತೋರಿಸಿದವರು ನಮ್ಮೂರಿನ ನಿವೃತ್ತ ಮೇಷ್ಟ್ರು. ‘ಕಚೇರಿ ಕಚೇರಿ ಸುತ್ತಿದ್ದು ಸಾಕು ಕಣಮ್ಮ, ವಿಧಾನಸಭೆಗೇ ಅರ್ಜಿ ಹಾಕು’ ಅಂದರು. ಎಂಎಲ್‌ಎಗೆ ಮನವಿ ಕೊಡುವುದನ್ನು ಹೇಳುತ್ತಿದ್ದಾರೆ ಅಂದುಕೊಂಡೆ. ಅದಲ್ಲ. ಶಾಸಕರ ಮೂಲಕ ಸದನಕ್ಕೆ ಒಪ್ಪಿಸುವ ಅರ್ಜಿ. ಅದನ್ನು ನೋಡಲು ಅರ್ಜಿಗಳ ಸಮಿತಿ ಅಂತಲೇ ಒಂದು ಸಮಿತಿ ಇದೆ, ಉಪಸಭಾಧ್ಯಕ್ಷರು ಅದರ ಅಧ್ಯಕ್ಷರು. ವಿಧಾನ ಪರಿಷತ್ತಿಗೂ ಇಂಥದೇ ಬೇರೆ ಸಮಿತಿ ಇದೆ.

ಮೇಷ್ಟ್ರು ಹಳೆಯ ಮೈಸೂರಿನ ಕಥೆಯನ್ನೂ ಹೇಳಿದರು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿಸಿದರು. ದಸರಾ ಹೊತ್ತಿಗೆ ತಾಲ್ಲೂಕುಗಳಿಂದ ಬಂದವರು ತಮ್ಮ ಕಡೆಯ ಅಹವಾಲು ಹೇಳಿಕೊಳ್ಳುತ್ತಿದ್ದರು. ಬರುತ್ತಿದ್ದವರು ಜಮೀನುದಾರರು, ವ್ಯಾಪಾರಸ್ಥರು. ದೊಡ್ಡಮ್ಮನಂಥವರಿಗೆ ಅಲ್ಲಿ ಜಾಗ ಇರಲಿಲ್ಲ. ‘ಈಗ ಇದೆ, ನಾವು ಹೋಗಲ್ಲ ಅಷ್ಟೆ’ ಅಂದರು ಮೇಷ್ಟ್ರು. ಆ ಮಾತು ನನ್ನನ್ನು ಎಬ್ಬಿಸಿತು.

ಅವತ್ತು ರಾತ್ರಿಯೇ ನಾಲ್ಕು ಪುಟ ಬರೆದೆ. ಸಿಟ್ಟೆಲ್ಲ ಅದರಲ್ಲಿತ್ತು. ಶಾಸಕರ ಕಚೇರಿಗೆ ತೆಗೆದುಕೊಂಡು ಹೋದರೆ ಆಪ್ತ ಸಹಾಯಕರು ಪೂರ್ತಿ ಓದಿದರು, ಅದಕ್ಕೆ ಅವರಿಗೆ ನಾನು ಋಣಿ. ಓದಿ ಮುಗಿಸಿ, ‘ಇದು ನಿಮ್ಮ ದೊಡ್ಡಮ್ಮನ ಅರ್ಜಿ. ಸಮಿತಿಗೆ ಬೇಕಾದದ್ದು ಊರಿನ ಅರ್ಜಿ’ ಅಂದರು.

ಇದನ್ನು ಮುಂದೆ ಹೋಗುವವರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ‘ನನಗೆ ಹಣ ಬಂದಿಲ್ಲ, ಕೊಡಿಸಿ’ ಅಂದರೆ ಅದು ದೂರು, ಅದಕ್ಕೆ ಬೇರೆ ಕಚೇರಿಗಳಿವೆ. ‘ಹೀಗೆ ಹೇಳದೆ ಕೇಳದೆ ನಿಲ್ಲಿಸುವ ಪದ್ಧತಿಯಿಂದ ಇಷ್ಟು ಜನಕ್ಕೆ ತೊಂದರೆಯಾಗಿದೆ, ಪದ್ಧತಿ ಸರಿಪಡಿಸಿ’ ಅಂದರೆ ಅದು ಸಾರ್ವಜನಿಕ ವಿಷಯ. ಕೋರ್ಟಿನಲ್ಲಿರುವ ವಿಷಯವನ್ನು ಸಮಿತಿ ಮುಟ್ಟುವುದಿಲ್ಲ. ನೀವು ಈಗಾಗಲೇ ಕೇಸು ಹಾಕಿದ್ದರೆ ಈ ದಾರಿ ಇಲ್ಲ.

ನಾಲ್ಕು ಪುಟ ಒಂದು ಪುಟ ಆಯಿತು. ಅರ್ಜಿ ಸದನವನ್ನು ಉದ್ದೇಶಿಸಿ ಇರಬೇಕು, ಮಂತ್ರಿಗಳಿಗೋ ಅಧಿಕಾರಿಗೋ ಅಲ್ಲ. ಭಾಷೆ ಮರ್ಯಾದೆಯಿಂದ ಇರಬೇಕು. ನಾನು ‘ಹೊಣೆಗೇಡಿ’ ಅಂತ ಬರೆದ ಜಾಗದಲ್ಲೆಲ್ಲ ಮೇಷ್ಟ್ರು ಗೀಟು ಹಾಕಿದರು. ಕೊನೆಯಲ್ಲಿ ಏನು ಬೇಕು ಅನ್ನುವುದು ಸ್ಪಷ್ಟವಾಗಿರಬೇಕು. ನಾವು ಮೂರು ಕೇಳಿದೆವು. ಪಿಂಚಣಿ ನಿಲ್ಲಿಸುವ ಮುಂಚೆ ಕನ್ನಡದಲ್ಲಿ ಲಿಖಿತ ನೋಟಿಸು ಮನೆ ಬಾಗಿಲಿಗೆ ಬರಲಿ. ಮೊದಲ ಸಲ ಸಿಗದಿದ್ದರೆ ಇನ್ನೊಂದು ಸಲ ಬಂದು ನೋಡಲಿ. ನಿಲ್ಲಿಸುವವರ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಬೋರ್ಡಿಗೆ ಹಾಕಲಿ. ಮೊದಲಿಗೆ ನಾನು ದಾಖಲೆಗಳ ದೊಡ್ಡ ಕಟ್ಟನ್ನೇ ಅರ್ಜಿಗೆ ಪಿನ್ ಮಾಡಿದ್ದೆ. ‘ಬಿಚ್ಚಿ ಇಟ್ಟುಕೊಳ್ಳಿ, ಕೇಳಿದಾಗ ಕೊಡಿ’ ಅಂದರು.

ರುಜು ಮಾಡಿಸುವುದಕ್ಕೆ ಎರಡು ಭಾನುವಾರ ಹಿಡಿಯಿತು. ಹನ್ನೆರಡು ಜನರಲ್ಲಿ ಏಳು ಜನರದ್ದು ಹೆಬ್ಬೆಟ್ಟು. ದೊಡ್ಡಮ್ಮನ ಮನೆ ಜಗಲಿಯ ಮೇಲೆ ಇಂಕ್ ಪ್ಯಾಡ್ ಇಟ್ಟುಕೊಂಡು ಕೂತೆವು. ದೊಡ್ಡಮ್ಮ ಒತ್ತಿದರೆ ಹಾಳೆಯ ಮೇಲೆ ಬರೀ ಕಪ್ಪು ಮುದ್ದೆ ಮೂಡಿತು, ಒಂದು ಗೆರೆ ಇಲ್ಲ. ನಲವತ್ತು ವರ್ಷ ಕಳೆ ಕಿತ್ತ ಬೆರಳು, ಗೆರೆ ಎಲ್ಲಿಂದ ಬರಬೇಕು? ಮೇಷ್ಟ್ರು ಕೊಬ್ಬರಿ ಎಣ್ಣೆಯಲ್ಲಿ ಬೆರಳು ಒರೆಸಿದರು. ಬಿಸಿನೀರಿನಲ್ಲಿ ಅದ್ದಿಸಿದರು. ಪಂಚೆಯ ತುದಿಯಲ್ಲಿ ಒತ್ತಿ ಒಣಗಿಸಿದರು. ಇಂಕು ಕಡಿಮೆ ಮಾಡಿ, ಎಡಗೈ ಹೆಬ್ಬೆರಳನ್ನು ಈ ಅಂಚಿನಿಂದ ಆ ಅಂಚಿಗೆ ಮೆಲ್ಲಗೆ ಉರುಳಿಸಿದರು. ಮೂರನೇ ಸಲಕ್ಕೆ ಅಂಚಿನಲ್ಲಿ ನಾಲ್ಕೈದು ಗೆರೆ ಮೂಡಿತು. ಪ್ರತಿ ಹೆಬ್ಬೆಟ್ಟಿನ ಪಕ್ಕದಲ್ಲಿ ಪೂರ್ತಿ ಹೆಸರು, ವಿಳಾಸ ಬರೆದೆ. ಖಾಲಿ ಹಾಳೆಗೆ ಮಾತ್ರ ಯಾರ ಹೆಬ್ಬೆಟ್ಟೂ ಹಾಕಿಸಬೇಡಿ. ಅರ್ಜಿಯನ್ನು ಓದಿ ಹೇಳಿ, ಅವರು ಹೂಂ ಅಂದ ಮೇಲೆ ಹಾಕಿಸಿ.

ಶಾಸಕರ ಮೇಲುರುಜು ಸಿಗಲು ಮೂರು ವಾರ ಆಯಿತು. ಆಮೇಲೆ ಅಧಿವೇಶನಕ್ಕೆ ಕಾಯಬೇಕು. ಮಳೆಗಾಲದ್ದು ಮುಗಿದುಹೋಗಿತ್ತು. ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಕೂತಾಗ ನಮ್ಮ ಅರ್ಜಿಯನ್ನು ಸದನಕ್ಕೆ ಒಪ್ಪಿಸಿದರು. ಆಪ್ತ ಸಹಾಯಕರು ಫೋನ್ ಮಾಡಿ ಹೇಳಿದಾಗ ನಾನು ಅಂಗಡಿಯಲ್ಲಿದ್ದೆ. ಒಂದು ನಿಮಿಷ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತೆ. ಹನ್ನೆರಡು ಜನರ ಹೆಸರು ಅಲ್ಲಿಗೆ ಹೋಗಿ ತಲುಪಿತಲ್ಲ ಅಂತ.

ಈ ಕಾಯುವ ದಿನಗಳಲ್ಲಿ ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ. ಸಮಿತಿ ಕೋರ್ಟ್ ಅಲ್ಲ. ಹಣ ಕೊಡಿ ಅಂತ ಆದೇಶ ಮಾಡುವುದಿಲ್ಲ. ಆದರೆ ಇಲಾಖೆಯಿಂದ ದಾಖಲೆ ತರಿಸಿಕೊಳ್ಳಬಹುದು, ಅಧಿಕಾರಿಗಳನ್ನು ಎದುರಿಗೆ ಕರೆಸಿ ಯಾಕೆ ಅಂತ ಕೇಳಬಹುದು. ಕೇಳಿದ್ದನ್ನೆಲ್ಲ ನೋಡಿ ಶಿಫಾರಸು ಮಾಡಿ ಸದನಕ್ಕೆ ವರದಿ ಕೊಡುತ್ತದೆ. ಆ ಶಿಫಾರಸಿನ ಮೇಲೆ ಏನು ಮಾಡಿದೆವು ಅಂತ ಇಲಾಖೆ ಮತ್ತೆ ಹೇಳಬೇಕಾಗುತ್ತದೆ. ನಮಗೆ ಬೇಕಾಗಿದ್ದದ್ದು ಆ ‘ಯಾಕೆ’ ಅಷ್ಟೆ. ಒಂದು ವರ್ಷದಲ್ಲಿ ನಾನು ಹತ್ತಾರು ಸಲ ಕೇಳಿದ್ದೆ, ಯಾರೂ ತಲೆ ಎತ್ತಿರಲಿಲ್ಲ.

ಎಲ್ಲರಿಗೂ ಅರ್ಜಿ ಸಮಿತಿಯೇ ಸರಿಯಾದ ಜಾಗ ಅಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಾದ ಯೋಜನೆಯ ವಿಷಯವಾದರೆ ಅದಕ್ಕೆ ಬೇರೆ ಕಲ್ಯಾಣ ಸಮಿತಿ ಇದೆ. ಮಹಿಳೆಯರ ಮತ್ತು ಮಕ್ಕಳ ಕಲ್ಯಾಣಕ್ಕೊಂದು, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೊಂದು. ಈ ಸಮಿತಿಗಳು ಜಿಲ್ಲೆಗಳಿಗೂ ಬರುತ್ತವೆ, ಹಾಸ್ಟೆಲ್, ಅಂಗನವಾಡಿ ನೋಡುತ್ತವೆ. ಬರುವ ಸುದ್ದಿ ಜಿಲ್ಲೆಯ ಪತ್ರಿಕೆಗಳಲ್ಲಿ ಸಿಗುತ್ತದೆ. ಇನ್ನು ಮಂತ್ರಿಗಳು ಸದನದಲ್ಲಿ ‘ಮಾಡುತ್ತೇವೆ’ ಅಂತ ಹೇಳಿ ಮಾಡದೆ ಬಿಟ್ಟಿದ್ದರೆ ಅದನ್ನು ಹಿಂಬಾಲಿಸಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ನಿಮ್ಮ ಶಾಸಕರಿಂದ ಮೊದಲು ಒಂದು ಪ್ರಶ್ನೆ ಕೇಳಿಸುವುದೂ ಒಳ್ಳೆಯದು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಎದ್ದು ಉತ್ತರಿಸಬೇಕು, ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಬರುತ್ತದೆ. ಬರಹದ ಉತ್ತರ ಆಮೇಲೆ ಬಹಳ ಕೆಲಸಕ್ಕೆ ಬರುತ್ತದೆ.

ಜನವರಿ ಕೊನೆಯಲ್ಲಿ, ಯಾರೂ ಕರೆಯದೆ, ಕಂದಾಯ ಸಿಬ್ಬಂದಿ ದೊಡ್ಡಮ್ಮನ ಮನೆ ಬಾಗಿಲಿಗೆ ಬಂದರು. ವಿಧಾನಸಭೆ ಸಚಿವಾಲಯದಿಂದ ವರದಿ ಕೇಳಿ ಇಲಾಖೆಗೆ ಪತ್ರ ಹೋಗಿತ್ತು. ಫೋಟೋ ತೆಗೆದರು, ಆಧಾರ್ ನೋಡಿದರು, ಹಾಲು ಹಾಕಿದ ಕಾಫಿ ಕುಡಿದರು. ಫೆಬ್ರವರಿಯಲ್ಲಿ 1,200 ಬಂತು! ಹದಿಮೂರು ತಿಂಗಳ ಮೇಲೆ.

ಅದಾದ ವಾರಕ್ಕೆ ಅವರೇ ಒಂದು ಟೈಪ್ ಮಾಡಿದ ಹಾಳೆ ತಂದರು. ‘ನನ್ನ ಸಮಸ್ಯೆ ಬಗೆಹರಿದಿದ್ದು, ಅರ್ಜಿಯನ್ನು ಹಿಂಪಡೆಯುತ್ತೇನೆ’ ಅಂತ ಇತ್ತು. ಅವತ್ತು ಶನಿವಾರ, ನಾನು ಅಲ್ಲೇ ಇದ್ದೆ. ನಿಜ ಹೇಳುತ್ತೇನೆ, ಒತ್ತಿಬಿಡಲಿ ಅಂತ ನನಗೂ ಅನ್ನಿಸಿತು. ಸಾಕಾಗಿ ಹೋಗಿತ್ತು. ಅಷ್ಟು ಹೊತ್ತಿಗೆ ನಾನು ಹದಿನಾಲ್ಕು ದಿನದ ಸಂಬಳ ಕಳೆದುಕೊಂಡಿದ್ದೆ. ಬಸ್ಸು, ಜೆರಾಕ್ಸು, ರಿಜಿಸ್ಟರ್ ಪೋಸ್ಟು ಅಂತ ಎರಡು ಸಾವಿರದ ಮೇಲೆ ಖರ್ಚಾಗಿತ್ತು. ಹಾಳೆಯನ್ನು ಓದಿ ಹೇಳಿದೆ. ದೊಡ್ಡಮ್ಮ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು.

‘ನನ್ ಸಂಬ್ಳ ಬಂತು, ಸರಿ ಕಣಪ್ಪ. ಕೆಳಗಿನ ಬೀದಿಯೋಳ್ದು ಬಂತಾ? ಅವ್ಳೂ ನನ್ ಜೊತೆಗೇ ಒತ್ತವ್ಳೆ. ಅವ್ಳ್ದೂ ಬರ್ಲಿ.’

ಬಂದವರು ಇನ್ನೊಂದು ಸಲ ಹೇಳಿ ನೋಡಿದರು. ದೊಡ್ಡಮ್ಮ ಒಳಗೆ ಹೋಗಿ ಅವರಿಗೆ ಎರಡು ಬಾಳೆಹಣ್ಣು ತಂದುಕೊಟ್ಟರು. ಕೈ ಮಾತ್ರ ಕೊಡಲಿಲ್ಲ. ಹನ್ನೆರಡು ಜನರಲ್ಲಿ ಅವತ್ತಿಗೆ ಪಿಂಚಣಿ ಮತ್ತೆ ಶುರುವಾಗಿದ್ದದ್ದು ಐದೇ ಜನಕ್ಕೆ. ಇಂಥ ಹಾಳೆ ನಿಮ್ಮ ಮನೆಗೂ ಬರಬಹುದು. ಜೊತೆಗೆ ರುಜು ಹಾಕಿದವರನ್ನೆಲ್ಲ ಕೇಳದೆ ಒಬ್ಬರೇ ಏನನ್ನೂ ಬರೆದುಕೊಡಬೇಡಿ.

ಏಪ್ರಿಲ್‌ನಲ್ಲಿ ಸಮಿತಿ ಮುಂದೆ ಹಾಜರಾಗಲು ಪತ್ರ ಬಂತು, ಆರೇ ದಿನ ಇತ್ತು. ಬೆಳಿಗ್ಗೆ ಐದೂವರೆಗೆ ದೊಡ್ಡಮ್ಮ, ನಾನು, ಮೇಷ್ಟ್ರು ಮಂಡ್ಯದಲ್ಲಿ ಬಸ್ಸು ಹತ್ತಿದೆವು. ನನಗೂ ದೊಡ್ಡಮ್ಮನಿಗೂ ಶಕ್ತಿ ಯೋಜನೆಯಲ್ಲಿ ಶೂನ್ಯ ಟಿಕೆಟ್, ಮೇಷ್ಟ್ರು ಮಾತ್ರ ದುಡ್ಡು ಕೊಟ್ಟರು. ಬೆಂಗಳೂರಲ್ಲಿ ದೀಪಾಂಜಲಿ ನಗರದಲ್ಲಿ ಮೆಟ್ರೋ ಹಿಡಿದರೆ ನೇರಳೆ ಮಾರ್ಗದಲ್ಲಿ ಸೀದಾ ವಿಧಾನಸೌಧದ ಹತ್ತಿರವೇ ಇಳಿಯಬಹುದು, ಬದಲಾಯಿಸುವ ತಾಪತ್ರಯ ಇಲ್ಲ. ಎಸ್ಕಲೇಟರ್ ನೋಡಿ ದೊಡ್ಡಮ್ಮ ನಿಂತುಬಿಟ್ಟರು, ಲಿಫ್ಟಿನಲ್ಲಿ ಕರೆದುಕೊಂಡು ಹೋದೆವು. ವಯಸ್ಸಾದವರ ಜೊತೆ ಹೋಗುವುದಾದರೆ ಒಂದು ಗಂಟೆ ಜಾಸ್ತಿಯೇ ಇಟ್ಟುಕೊಳ್ಳಿ. ಗೇಟಿನಲ್ಲಿ ಪಾಸಿಗೆ ಆಧಾರ್‌ನ ಮೂಲ ಪ್ರತಿ ಮತ್ತು ಸಮಿತಿಯ ಪತ್ರ ತೋರಿಸಿದೆವು. ಪತ್ರ ನನ್ನ ಬ್ಯಾಗಿನ ತಳದಲ್ಲಿತ್ತು, ಹುಡುಕುವುದರೊಳಗೆ ಕೈ ನಡುಗಿತು.

ಹನ್ನೊಂದಕ್ಕೆ ಅಂದಿದ್ದರು. ನಮ್ಮನ್ನು ಕರೆದದ್ದು ಎರಡೂ ನಲವತ್ತಕ್ಕೆ. ಅಷ್ಟು ಹೊತ್ತು ಕಾರಿಡಾರಿನ ಬೆಂಚಿನ ಮೇಲೆ. ದೊಡ್ಡಮ್ಮ ಬುತ್ತಿಯ ಚಿತ್ರಾನ್ನ ತಿಂದು, ಮಾತ್ರೆ ನುಂಗಿ, ಕಾಲು ಮಡಚಿ ಕೂತರು. ಎದುರಿಗೆ ಫೈಲು ಹಿಡಿದ ಅಧಿಕಾರಿಗಳ ಗುಂಪು. ಅವರೂ ಕಾಯುತ್ತಿದ್ದರು, ಅವರೂ ನೀರು ಕುಡಿಯುತ್ತಿದ್ದರು. ಅದರಲ್ಲಿ ಒಬ್ಬರು ಹತ್ತಿರ ಬಂದು ‘ಅಜ್ಜಿ, ಎಲ್ಲಿಂದ ಬಂದ್ರಿ?’ ಅಂತ ಕೇಳಿದರು. ‘ಮಂಡ್ಯ ಕಡೆಯಿಂದ ಕಣಪ್ಪ. ಮನೇಲಿ ಇರಲ್ಲ ಅಂತ ಬರ್ದಿದ್ರಲ್ಲ, ಅದ್ಕೆ ಬಂದೆ’ ಅಂದರು ದೊಡ್ಡಮ್ಮ. ಅವರು ಏನೂ ಹೇಳಲಿಲ್ಲ. ತಮ್ಮ ಕುರ್ಚಿ ತಂದು ದೊಡ್ಡಮ್ಮನ ಪಕ್ಕ ಇಟ್ಟು ಹೋದರು.

ಒಳಗೆ ನಡೆದ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ವರದಿ ಸದನಕ್ಕೆ ಹೋಗುವ ತನಕ ಸಮಿತಿಯ ಕಲಾಪ ಗುಟ್ಟಾಗಿರಬೇಕು. ನೀವೂ ಹೋದರೆ ಹೊರಗೆ ಬಂದು ವಿಡಿಯೋ ಮಾಡಿ ಹಾಕಬೇಡಿ. ನಮಗೆ ಸಿಕ್ಕಿದ್ದು ಹದಿನೈದು ನಿಮಿಷದ ಒಳಗೆ. ನಾನು ಕಟ್ಟಿಟ್ಟುಕೊಂಡಿದ್ದ ದಾಖಲೆಗಳಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಎರಡೇ: ಮಾಹಿತಿ ಹಕ್ಕಿನ ಆ ಒಂದು ಸಾಲಿನ ಉತ್ತರ, ಮತ್ತು ಮೈಸೂರಿನ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ. ತಾರೀಖು ತಾಳೆಯಾಗುವುದು ಮುಖ್ಯ. ನಾನು ತಿಂಗಳುವಾರು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ, ಗಂಟಲು ಒಣಗಿದಾಗ ಅದನ್ನು ನೋಡಿಕೊಂಡೇ ಹೇಳಿದೆ.

ಮೇ ಕೊನೆಯ ಹೊತ್ತಿಗೆ ಉಳಿದವರಿಗೂ ಒಬ್ಬೊಬ್ಬರಾಗಿ ಪಿಂಚಣಿ ಶುರುವಾಯಿತು. ದೊಡ್ಡಮ್ಮನಿಗೆ ಹದಿಮೂರು ತಿಂಗಳ ಬಾಕಿ 15,600 ರೂಪಾಯಿ ಎರಡು ಕಂತಿನಲ್ಲಿ ಬಂತು. ಈ ಸಲದ ಪರಿಶೀಲನೆಗೆ ಬಂದವರು ಬೀಗ ಹಾಕಿದ ಎರಡು ಮನೆಗೆ ಚೀಟಿ ಅಂಟಿಸಿ ಹೋಗಿದ್ದಾರೆ ಅಂತ ಮೇಷ್ಟ್ರು ಫೋನ್ ಮಾಡಿದ್ದರು. ನಮ್ಮ ಹೋಬಳಿಯಲ್ಲಿ ಹಾಗಾಗಿದೆ. ಎಲ್ಲ ಕಡೆ ಆಗಬೇಕಾದರೆ ಸಮಿತಿಯ ವರದಿ ಬರಬೇಕು, ಇಲಾಖೆ ಅದನ್ನು ಒಪ್ಪಬೇಕು.

ಹನ್ನೆರಡು ಜನರಲ್ಲಿ ಕೆಳಗಿನ ಬೀದಿಯಾಕೆ ಮಾರ್ಚ್‌ನಲ್ಲೇ ತೀರಿಕೊಂಡರು. ಅವರ ಹೆಸರಿನ ಮುಂದೆ ಅರ್ಜಿಯಲ್ಲಿ ಹೆಬ್ಬೆಟ್ಟು ಹಾಗೇ ಇದೆ. ಬಾಕಿ ಹಣ ಮಗನಿಗೆ ಬರುತ್ತದಾ ಅಂತ ಕೇಳಬೇಕು. ಮರಣ ಪ್ರಮಾಣ ಪತ್ರ ಸಿಕ್ಕಿದೆ, ವಂಶವೃಕ್ಷಕ್ಕೆ ಕೊಟ್ಟಿದ್ದೇವೆ. ಸೋಮವಾರ ಅಂಗಡಿಗೆ ರಜೆ ಹೇಳಿದ್ದೇನೆ, ಅವನ ಜೊತೆ ನಾಡಕಚೇರಿಗೆ ಹೋಗುವುದಿದೆ. ದೊಡ್ಡಮ್ಮನೂ ಬರುತ್ತೀನಿ ಅಂದಿದ್ದಾರೆ.